ಜಾಝ್ ವಾದಕ ಗಿಲ್ ಮೆಲೇ ವಿದ್ಯುನ್ಮಾನ ಚಿತ್ರಸಂಗೀತಕ್ಕೆ ಬಂದದ್ದು ಹೇಗೆ?

ಅಮೆರಿಕದ ಗಿಲ್ ಮೆಲೇ (1931–2004) ಮೂಲತಃ ಬ್ಯಾರಿಟೋನ್ ಸ್ಯಾಕ್ಸೊಫೋನ್ ವಾದಕರು. ಇಪ್ಪತ್ತರ ಆಸುಪಾಸಿನಲ್ಲಿಯೇ ಬ್ಲೂ ನೋಟ್ ಎಂಬ ಜಾಝ್ ಧ್ವನಿಮುದ್ರಿಕಾ ಸಂಸ್ಥೆಗೆ ಧ್ವನಿಮುದ್ರಣ ಮಾಡಿದವರು. ಚಿತ್ರಕಲೆಯೂ ಬಲ್ಲವರಾದ್ದರಿಂದ ಧ್ವನಿಮುದ್ರಿಕೆಗಳ ಹೊದಿಕೆಗಳಿಗೂ ಚಿತ್ರ ಬರೆದರು. ನ್ಯೂಜೆರ್ಸಿಯಲ್ಲಿ ತಂದೆತಾಯಿಯ ಮನೆಯ ಹಜಾರದಲ್ಲೇ ಧ್ವನಿಮುದ್ರಣ ನಡೆಸುತ್ತಿದ್ದ ರೂಡಿ ವ್ಯಾನ್ ಗೆಲ್ಡರ್ ಅವರನ್ನು ಬ್ಲೂ ನೋಟ್‌ನ ಸಹಸ್ಥಾಪಕ ಆಲ್ಫ್ರೆಡ್ ಲಯನ್ ಅವರಿಗೆ ಪರಿಚಯಿಸಿದವರೂ ಇವರೇ. ಮುಂದೆ ಆ ಸಂಸ್ಥೆಯ ಹೆಸರಾಂತ ಧ್ವನಿಮುದ್ರಣಗಳನ್ನು ಮಾಡಿದವರು ವ್ಯಾನ್ ಗೆಲ್ಡರ್; ಹಾಗಾಗಿ ಜಾಝ್ ಚರಿತ್ರೆ ಮೆಲೇ ಅವರನ್ನು ನೆನೆಯಲು ಇದೊಂದೇ ಸಾಕು.

1960ರ ದಶಕದಲ್ಲಿ ಅವರು ತಮ್ಮ ವಿದ್ಯುನ್ಮಾನ ವಾದ್ಯಗಳನ್ನು ತಾವೇ ತಯಾರಿಸತೊಡಗಿ, ಅವುಗಳನ್ನು ಮೊದಲು ಜಾಝ್ ತಂಡದಲ್ಲಿಯೇ ನುಡಿಸಿದರು. ಆ ಬಳಿಕ ‘ನೈಟ್ ಗ್ಯಾಲರಿ’ ಎಂಬ ದೂರದರ್ಶನ ಸರಣಿಯ ಶೀರ್ಷಿಕೆ ಸಂಗೀತವನ್ನು ರಚಿಸಿದರು.

ಅವರ ಹೆಸರು ಉಳಿದಿರುವುದು ಮುಖ್ಯವಾಗಿ 1971ರ ‘ದಿ ಆಂಡ್ರೊಮೆಡಾ ಸ್ಟ್ರೇನ್’ ಚಿತ್ರದಿಂದ. ಬಾಹ್ಯಾಕಾಶದಿಂದ ಬಂದ ಮಾರಕ ಸೂಕ್ಷ್ಮಜೀವಿಯನ್ನು ನೆಲದಡಿಯ ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಆ ಕಥೆಗೆ ಮೆಲೇ ವಾದ್ಯವೃಂದವನ್ನು ಬಳಸಲಿಲ್ಲ. ಮರ ಕೊಯ್ಯುವ ಕಾರ್ಖಾನೆ, ಬೌಲಿಂಗ್ ಅಂಕಣ ಮುಂತಾದೆಡೆಯ ಸದ್ದುಗಳನ್ನು ಟೇಪಿಗಿಳಿಸಿ, ಗುರುತೇ ಸಿಗದಷ್ಟು ಮಾರ್ಪಡಿಸಿ, ಸ್ವತಃ ನಿರ್ಮಿಸಿದ ವಿದ್ಯುನ್ಮಾನ ತಾಳಯಂತ್ರದೊಂದಿಗೆ ಹೆಣೆದರು. ಹಾಗಾಗಿ ಯಂತ್ರಗಳ ಗುಂಯ್‌ಗುಡುವಿಕೆ ಎಲ್ಲಿ ಮುಗಿಯಿತು, ಸಂಗೀತ ಎಲ್ಲಿ ಆರಂಭವಾಯಿತು ಎಂದು ಕೇಳುಗನಿಗೆ ಥಟ್ಟನೆ ತಿಳಿಯದು. ನನ್ನ ದೃಷ್ಟಿಯಲ್ಲಿ ಇದು ಜಾಝ್‌ನಿಂದ ದೂರ ಸರಿದದ್ದಲ್ಲ. ನಾದದ ಬಣ್ಣವನ್ನೂ ಲಯವನ್ನೂ ಆಯಾ ಕ್ಷಣಕ್ಕೆ ತಕ್ಕಂತೆ ಹೊಂದಿಸುವ ಅದೇ ಕಿವಿ ಇಲ್ಲಿಯೂ ಕೆಲಸ ಮಾಡಿದೆ.

ಈ ಸಂಗೀತ ಗೋಲ್ಡನ್ ಗ್ಲೋಬ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಅದರ ಮೊದಲ ಧ್ವನಿಮುದ್ರಿಕೆಯನ್ನು ಷಟ್ಕೋನಾಕಾರದಲ್ಲಿ ಹೊರತಂದರು. ಮುಂದೆ ಅವರು ವಾದ್ಯವೃಂದಕ್ಕೂ ಬರೆದರು.