ಓದುಗರ ಪ್ರಶ್ನೆ: ಇಂಗಾಲದ ಲೆಕ್ಕಕ್ಕೆ ಕಂಪನಿಯ ವಂಶವೃಕ್ಷ

ಪ್ರಶ್ನೆ: ನಮ್ಮ ಕಂಪನಿಗೆ ಪೀಣ್ಯದಲ್ಲಿ ಒಂದು, ಧಾರವಾಡದಲ್ಲಿ ಇನ್ನೊಂದು ಕಾರ್ಖಾನೆ ಇದೆ. ಹೊಸೂರಿನಲ್ಲಿ ಶೇ 51 ಪಾಲಿನ ಅಂಗಸಂಸ್ಥೆ ಇದೆ, ಅದನ್ನು ನಡೆಸುವವರು ನಾವೇ. ಪುಣೆಯ ಜಂಟಿ ಕಂಪನಿಯಲ್ಲಿ ಶೇ 26 ಪಾಲಿದೆ, ಅದನ್ನು ನಡೆಸುವುದು ಬೇರೆಯವರು. ಬಿಆರ್‌ಎಸ್‌ಆರ್ (ಷೇರುಪೇಟೆಯಲ್ಲಿರುವ ಕಂಪನಿಗಳ ಸುಸ್ಥಿರತೆ ವರದಿ) ವರದಿಗಾಗಿ ಇಂಗಾಲದ ಲೆಕ್ಕ ಶುರು ಮಾಡಬೇಕಾಗಿದೆ. ಎಚ್‌ಆರ್‌ನವರ ಹತ್ತಿರ ಇರುವ ಸಂಸ್ಥೆಯ ಚಾರ್ಟನ್ನೇ ಸಾಫ್ಟ್‌ವೇರ್‌ಗೆ ಹಾಕಬಹುದೇ? — ಲೆಕ್ಕಪತ್ರ ವಿಭಾಗದ ಉದ್ಯೋಗಿ, ಬೆಂಗಳೂರು

ಉತ್ತರ: ಬೇಡ. ಎಚ್‌ಆರ್ ಚಾರ್ಟ್ ಯಾರಿಗೆ ಯಾರು ಬಾಸ್ ಎಂದು ಹೇಳುತ್ತದೆ. ನಿಮಗೆ ಬೇಕಾಗಿರುವುದು ಬಾಯ್ಲರ್ ಎಲ್ಲಿದೆ, ಅದರ ಡೀಸೆಲ್ ಬಿಲ್ ಯಾರಿಗೆ ಬರುತ್ತದೆ, ಅದರ ಮೇಲೆ ಯಾರ ಮಾತು ನಡೆಯುತ್ತದೆ ಎಂಬುದು.

ಮೊದಲ ಕೆಲಸ ಗಡಿ ಗುರುತಿಸುವುದು. ಬಹುತೇಕ ಕಂಪನಿಗಳು ಅನುಸರಿಸುವ ಜಿಎಚ್‌ಜಿ ಪ್ರೋಟೊಕಾಲ್ (ಹಸಿರುಮನೆ ಅನಿಲಗಳ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡ, ಪರಿಷ್ಕೃತ ಆವೃತ್ತಿ 2004ರದ್ದು) ಮೂರು ದಾರಿ ಕೊಡುತ್ತದೆ: ಷೇರು ಪಾಲಿನಂತೆ, ಹಣಕಾಸಿನ ಹಿಡಿತದಂತೆ, ಅಥವಾ ಕಾರ್ಯಾಚರಣೆಯ ಹಿಡಿತದಂತೆ. ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಎಲ್ಲ ಘಟಕಗಳಿಗೂ ಅದನ್ನೇ ಅನ್ವಯಿಸಬೇಕು. ಹೊಸೂರಿಗೊಂದು ಪುಣೆಗೊಂದು ಎಂದು ಬೆರೆಸುವಂತಿಲ್ಲ.

ವ್ಯತ್ಯಾಸ ಎಷ್ಟಾಗುತ್ತದೆ ನೋಡಿ. ಹೊಸೂರಿನ ಘಟಕ ವರ್ಷಕ್ಕೆ 6,000 ಟನ್ ಇಂಗಾಲದ ಡೈ ಆಕ್ಸೈಡ್, ಪುಣೆಯದು 4,000 ಟನ್ ಹೊರಸೂಸುತ್ತದೆ ಎಂದಿಟ್ಟುಕೊಳ್ಳಿ. ಷೇರು ಪಾಲಿನ ಲೆಕ್ಕದಲ್ಲಿ ನಿಮ್ಮ ಖಾತೆಗೆ ಹೊಸೂರಿನ 3,060, ಪುಣೆಯ 1,040, ಒಟ್ಟು 4,100 ಟನ್ ಬರುತ್ತದೆ. ಕಾರ್ಯಾಚರಣೆಯ ಹಿಡಿತದ ಲೆಕ್ಕದಲ್ಲಿ ಹೊಸೂರಿನ 6,000 ಟನ್ನೂ ನಿಮ್ಮದು, ಪುಣೆಯದು ಸೊನ್ನೆ. ಹಾಗೆಂದು ಪುಣೆ ಮಾಯವಾಗುವುದಿಲ್ಲ. ನಿಮ್ಮ ಪಾಲಿನ 1,040 ಟನ್ ಸ್ಕೋಪ್ 3ರ 15ನೇ ವರ್ಗಕ್ಕೆ, ಅಂದರೆ ಹೂಡಿಕೆಗಳ ಲೆಕ್ಕಕ್ಕೆ ಹೋಗುತ್ತದೆ. (ಸ್ಕೋಪ್ 1 ಎಂದರೆ ನಿಮ್ಮಲ್ಲೇ ಉರಿದ ಇಂಧನ, ಸೋರಿದ ಗ್ಯಾಸ್; ಸ್ಕೋಪ್ 2 ಕೊಂಡ ವಿದ್ಯುತ್ತು; ಸ್ಕೋಪ್ 3 ನಿಮ್ಮ ವ್ಯವಹಾರಕ್ಕೆ ಸಂಬಂಧಿಸಿ ಬೇರೆಯವರ ಜಾಗದಲ್ಲಿ ಆಗುವುದು.)

ನಮ್ಮ ಸಲಹೆ ಕಾರ್ಯಾಚರಣೆಯ ಹಿಡಿತ. ಕಾರಣ ಸರಳ: ನೀವೇ ನಡೆಸುವ ಜಾಗದ ಮೀಟರ್ ಓದುವುದು, ಬಿಲ್ ತರಿಸುವುದು, ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿರುತ್ತದೆ. ಅನುಮಾನ ಬಂದಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಘಟಕದ ಬಾಯ್ಲರ್‌ಗೆ ಇನ್ನು ಮುಂದೆ ಬೇರೆ ಇಂಧನ ಹಾಕಿ, ನಡೆಸುವ ಕ್ರಮ ಬದಲಿಸಿ ಎಂದು ಆದೇಶ ಹೊರಡಿಸುವ ಅಧಿಕಾರ ಯಾರಿಗಿದೆ? ದೊಡ್ಡ ಬಂಡವಾಳದ ಖರ್ಚಿಗೆ ಪಾಲುದಾರರ ಒಪ್ಪಿಗೆ ಬೇಕು ಎಂಬ ಮಾತ್ರಕ್ಕೆ ಹಿಡಿತ ತಪ್ಪಿತು ಎಂದಲ್ಲ.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ. ಬಿಆರ್‌ಎಸ್‌ಆರ್‌ನಲ್ಲಿ ವರದಿ ಕಂಪನಿಯೊಂದಕ್ಕೇ ಸೀಮಿತವೋ, ಅಂಗಸಂಸ್ಥೆಗಳನ್ನೂ ಸೇರಿಸಿಯೋ ಎಂದು ಮೊದಲೇ ಹೇಳಬೇಕು. ಒಂದಕ್ಕೇ ಎಂದು ಬರೆದರೆ ಹೊಸೂರು ಹೊರಗುಳಿಯುತ್ತದೆ, ಏಕೆಂದರೆ ಕಾನೂನಿನ ಕಣ್ಣಿಗೆ ಅದು ಬೇರೆ ಕಂಪನಿ. ಗ್ರಾಹಕರ ಪ್ರಶ್ನಾವಳಿಗೆ ಮಾತ್ರ ಹೊಸೂರೂ ಸೇರಿದ ಮೊತ್ತ ಬೇಕಾಗಬಹುದು. ಹಾಗಾಗಿ ಪ್ರತಿ ಘಟಕದ ಮುಂದೆ ಯಾವ ಕಾನೂನುಬದ್ಧ ಕಂಪನಿಗೆ ಸೇರಿದ್ದು, ಷೇರು ಪಾಲೆಷ್ಟು, ಹಿಡಿತ ಯಾರದ್ದು ಎಂಬ ಮೂರು ಕಲಂ ಇಡಿ. ಹೀಗೆ ಜೋಡಿಸಿದ ಘಟಕಗಳ ಪಟ್ಟಿಯೇ ನಿಮ್ಮ ವಂಶವೃಕ್ಷ; ಆ ಒಂದೇ ಮರದಿಂದ ಎರಡೂ ಮೊತ್ತ ತೆಗೆಯಬಹುದು. ಇದನ್ನೆಲ್ಲ ಒಂದು ಪುಟದಲ್ಲಿ ಬರೆದು ಹಣಕಾಸು ಮುಖ್ಯಸ್ಥರ (ಸಿಎಫ್‌ಒ) ಸಹಿ ಹಾಕಿಸಿಡಿ. ದೃಢೀಕರಣಕ್ಕೆ ಬಂದವರು ಮೊದಲು ಕೇಳುವ ಕಾಗದ ಅದೇ.

ಪ್ರಶ್ನೆ: ಮರದ ಕೊಂಬೆಗಳು ಎಷ್ಟು ಹಂತ ಇರಬೇಕು? ನಮ್ಮ ಸಲಹೆಗಾರರು ವಿಭಾಗ, ಉಪವಿಭಾಗ, ಶಿಫ್ಟ್ ಎಂದು ಏಳು ಹಂತ ಬರೆದುಕೊಟ್ಟಿದ್ದಾರೆ. — ಕಾರ್ಖಾನೆಯ ಪರಿಸರ ಅಧಿಕಾರಿ, ತುಮಕೂರು

ಉತ್ತರ: ಏಳು ಹಂತ ಚೆಂದಕ್ಕೆ. ನಾಲ್ಕು ಸಾಕು: ಸಮೂಹ, ಕಂಪನಿ, ಜಾಗ, ಮೂಲ. ಮೂಲ ಎಂದರೆ ಹೊಗೆಗೆ ಕಾರಣವಾದ ಮೀಟರ್ ಅಥವಾ ಯಂತ್ರ, ಮರದ ಎಲೆ. ಅಳತೆ ಎಲ್ಲಿ ನಿಲ್ಲುತ್ತದೋ ಮರವೂ ಅಲ್ಲೇ ನಿಲ್ಲಬೇಕು. ಪ್ರೆಸ್ ಶಾಪ್‌ಗೆ ಪ್ರತ್ಯೇಕ ಸಬ್‌ಮೀಟರ್ ಇಲ್ಲದಿದ್ದರೆ ಅದಕ್ಕೊಂದು ಎಲೆ ಬಿಡಿಸಿ ಪ್ರಯೋಜನವಿಲ್ಲ. ತಿಂಗಳ ಕೊನೆಗೆ ಯಾರೋ ಒಟ್ಟು ಬಿಲ್ಲನ್ನು ಅಂದಾಜಿನಲ್ಲಿ ಹಂಚುತ್ತಾರೆ, ಆ ಅಂದಾಜು ಮುಂದೆ ಅಳತೆಯ ವೇಷ ತೊಟ್ಟು ವರದಿಯಲ್ಲಿ ಕೂರುತ್ತದೆ.

ಒಂದು ಜಾಗದ ಎಲೆಗಳು ಹೇಗಿರಬೇಕು? ತುಮಕೂರಿನ ನಿಮ್ಮ ಕಾರ್ಖಾನೆಗೆ ಟಿಎಂಕೆ-01 ಎಂಬ ಸಂಕೇತ ಕೊಟ್ಟಿರೆಂದುಕೊಳ್ಳಿ. ಅದರ ಕೆಳಗೆ ವಿದ್ಯುತ್ ಸಂಪರ್ಕ, ಆರ್‌ಆರ್ ನಂಬರಿನೊಂದಿಗೆ. ಎರಡು ಸಂಪರ್ಕ ಇದ್ದರೆ ಎರಡು ಎಲೆ. ಡಿಜಿ ಸೆಟ್ (ಡೀಸೆಲ್ ಜನರೇಟರ್) ಒಂದೊಂದಕ್ಕೆ ಒಂದೊಂದು. ಬಾಯ್ಲರ್ ಅಥವಾ ಫರ್ನೇಸ್. ಕ್ಯಾಂಟೀನಿನ ಎಲ್‌ಪಿಜಿ. ಕಂಪನಿಯ ಹೆಸರಿನಲ್ಲಿರುವ ವಾಹನಗಳು, ಫೋರ್ಕ್‌ಲಿಫ್ಟ್. ಎಸಿ ಮತ್ತು ಚಿಲ್ಲರ್‌ಗಳ ಗ್ಯಾಸ್. ಇಂಗಾಲದ ಡೈ ಆಕ್ಸೈಡ್ ತುಂಬಿದ ಅಗ್ನಿಶಾಮಕ ಸಿಲಿಂಡರ್. ಪ್ರತಿ ಎಲೆಗೂ ಶುರುವಾದ ದಿನ, ಮುಗಿದ ದಿನ, ಅಳತೆಯ ಮಾನ (ಯೂನಿಟ್, ಲೀಟರ್, ಕಿಲೊ), ದಾಖಲೆ ಕೊಡುವವರ ಹುದ್ದೆ. ವ್ಯಕ್ತಿಯ ಹೆಸರಲ್ಲ, ಹುದ್ದೆ. ಸ್ಟೋರ್ಸಿನವರು ಕೆಲಸ ಬಿಟ್ಟು ಹೋದ ಮೂರು ತಿಂಗಳಿಗೆ ಡೀಸೆಲ್ ಅಂಕಣ ಖಾಲಿ ಬೀಳುವುದು ಈ ಒಂದು ಕಾರಣಕ್ಕೆ.

ಸಂಕೇತವಿಲ್ಲದೆ ಬರೀ ಹೆಸರು ಹಾಕಿದರೆ 'ತುಮಕೂರು ಘಟಕ', 'ವಸಂತನರಸಾಪುರ', 'ಪ್ಲಾಂಟ್ 2' ಎಂದು ಒಂದೇ ಕಾರ್ಖಾನೆ ಮೂರು ಸಲ ಕೂತುಬಿಡುತ್ತದೆ. ಮುಚ್ಚಿದ ಜಾಗವನ್ನು ಮಾತ್ರ ಎಂದಿಗೂ ಅಳಿಸಬೇಡಿ. ಮುಗಿದ ದಿನಾಂಕ ಹಾಕಿ ಸುಮ್ಮನಿರಿ. ಅಳಿಸಿದರೆ ಹಿಂದಿನ ವರ್ಷಗಳ ಮೊತ್ತವೂ ಸದ್ದಿಲ್ಲದೆ ಇಳಿಯುತ್ತದೆ.

ಪ್ರಶ್ನೆ: ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕಿನಲ್ಲಿ ಎರಡು ಮಹಡಿ ಬಾಡಿಗೆಗೆ ಹಿಡಿದಿದ್ದೇವೆ. ಕರೆಂಟು, ಡಿಜಿ, ಎಸಿ ಎಲ್ಲವೂ ನಿರ್ವಹಣಾ ಶುಲ್ಕದಲ್ಲೇ ಸೇರಿದೆ. ಇದು ನಮ್ಮ ಲೆಕ್ಕವೋ ಕಟ್ಟಡದ ಮಾಲೀಕರದ್ದೋ? — ಆಡಳಿತ ವಿಭಾಗ, ಬೆಂಗಳೂರು

ಉತ್ತರ: ನಿಮ್ಮ ಮಹಡಿಗಳಲ್ಲಿ ಉರಿದ ಕರೆಂಟು ನಿಮ್ಮ ಸ್ಕೋಪ್ 2. ಬಿಲ್ ಯಾರ ಹೆಸರಿಗೆ ಬಂತು ಎಂಬುದು ಮುಖ್ಯವಲ್ಲ. ಮಾಲೀಕರ ಡಿಜಿ ಸೆಟ್ ನೀವು ನಡೆಸುವುದಲ್ಲವಾದ್ದರಿಂದ ಅದರಿಂದ ಬಂದ ವಿದ್ಯುತ್ತೂ ಸ್ಕೋಪ್ 2ಕ್ಕೇ ಸೇರುತ್ತದೆ. ಆದರೆ ಅದಕ್ಕೆ ಗ್ರಿಡ್ಡಿನ ಗುಣಾಂಕ (ಒಂದು ಯೂನಿಟ್ ಕರೆಂಟಿಗೆ ಎಷ್ಟು ಕಿಲೊ ಇಂಗಾಲದ ಡೈ ಆಕ್ಸೈಡ್ ಎಂಬ ಅಂಕಿ) ಹಾಕಬೇಡಿ, ಉರಿದ ಡೀಸೆಲ್ಲಿನಿಂದ ಲೆಕ್ಕ ಹಾಕಿ: ಲೀಟರಿಗೆ ಸುಮಾರು 2.68 ಕಿಲೊ.

ಸಬ್‌ಮೀಟರ್ ಇದ್ದರೆ ಮಾಲೀಕರಿಂದ ಪ್ರತಿ ತಿಂಗಳು ರೀಡಿಂಗ್ ಕೇಳಿ ಪಡೆಯಿರಿ. ಇಲ್ಲದಿದ್ದರೆ ವಿಸ್ತೀರ್ಣದ ಮೇಲೆ ಹಂಚಬೇಕು. ಕಟ್ಟಡದ ತಿಂಗಳ ಬಳಕೆ 2,40,000 ಯೂನಿಟ್, ಬಾಡಿಗೆದಾರರು ತುಂಬಿರುವ ಜಾಗ 1,20,000 ಚದರಡಿ, ನಿಮ್ಮದು 18,000 ಎಂದಾದರೆ ನಿಮ್ಮ ಪಾಲು ಶೇ 15, ಅಂದರೆ 36,000 ಯೂನಿಟ್. ಕೇಂದ್ರ ವಿದ್ಯುತ್ ಪ್ರಾಧಿಕಾರ 2023-24ಕ್ಕೆ ಕೊಟ್ಟಿರುವ ಯೂನಿಟ್ಟಿಗೆ 0.727 ಕಿಲೊ ಗುಣಾಂಕದಲ್ಲಿ ಅದು ತಿಂಗಳಿಗೆ 26 ಟನ್ ಚಿಲ್ಲರೆ. ಭಾಗಿಸುವಾಗ ಖಾಲಿ ಮಹಡಿಗಳನ್ನೂ ಸೇರಿಸಿಬಿಟ್ಟರೆ ನಿಮ್ಮ ಪಾಲು ಸುಳ್ಳೇ ಕುಗ್ಗುತ್ತದೆ. ಇಡೀ ಭಾರತಕ್ಕೆ ಗ್ರಿಡ್ ಒಂದೇ ಆದ್ದರಿಂದ ಕರ್ನಾಟಕಕ್ಕೆಂದು ಬೇರೆ ಗುಣಾಂಕ ಹುಡುಕುವುದು ಬೇಕಿಲ್ಲ. ಹೊಸ ಆವೃತ್ತಿ ಬಂದಾಗ ಹಳೆಯ ವರ್ಷದ ಗುಣಾಂಕವನ್ನು ಅಳಿಸದೆ, ಯಾವ ವರ್ಷಕ್ಕೆ ಯಾವುದು ಎಂದು ಪಟ್ಟಿ ಇಡಿ.

ಪ್ರಶ್ನೆ: ಅಂಕಿ ಸಂಗ್ರಹಿಸುವ ಕೆಲಸ ಯಾರಿಗೆ ಹಂಚಬೇಕು? ಕಳೆದ ಸಲ ಎಲ್ಲವನ್ನೂ ಸುರಕ್ಷತಾ ಅಧಿಕಾರಿಯ ತಲೆಗೆ ಕಟ್ಟಿದೆವು, ಆಡಿಟ್‌ನಲ್ಲಿ ಸಿಕ್ಕಿಬಿದ್ದೆವು. — ಕಾರ್ಖಾನೆ ವ್ಯವಸ್ಥಾಪಕರು, ಹುಬ್ಬಳ್ಳಿ

ಉತ್ತರ: ಮೂರು ಕೈ ಬೇಕು. ನಮೂದಿಸುವವರು ಬಿಲ್ಲಿಗೆ ಹತ್ತಿರ ಇರುವವರು: ಕರೆಂಟಿಗೆ ಮೆಂಟೆನೆನ್ಸ್, ಡೀಸೆಲ್ಲಿಗೆ ಸ್ಟೋರ್ಸ್, ಕ್ಯಾಂಟೀನ್ ಗ್ಯಾಸಿಗೆ ಆಡಳಿತ. ಪರಿಶೀಲಿಸುವವರು ಕಾರ್ಖಾನೆಯ ಅಕೌಂಟ್ಸ್‌ನವರು, ಏಕೆಂದರೆ ಪಾವತಿಯ ಮೊತ್ತ ಅವರ ಹತ್ತಿರ ಇರುತ್ತದೆ; ಲೀಟರ್ ಮತ್ತು ರೂಪಾಯಿ ತಾಳೆಯಾಗದಿದ್ದರೆ ಅವರ ಕಣ್ಣಿಗೆ ತಕ್ಷಣ ಬೀಳುತ್ತದೆ. ಗುಣಾಂಕ ಹಾಕಿ ಟನ್ ಮಾಡುವುದು ಕೇಂದ್ರ ಕಚೇರಿ ಮಾತ್ರ. ಕಾರ್ಖಾನೆಯವರು ಟನ್ ಕಳಿಸಕೂಡದು, ಯೂನಿಟ್, ಲೀಟರ್, ಕಿಲೊ ಮಾತ್ರ ಕಳಿಸಬೇಕು. ಪ್ರತಿ ತಿಂಗಳ 10ರೊಳಗೆ, ಬಿಲ್ಲಿನ ಪ್ರತಿಯೊಂದಿಗೆ.

ಆಡಿಟ್‌ನಲ್ಲಿ ಸಿಕ್ಕಿಬೀಳುವ ಜಾಗಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಎಚ್‌ಟಿ (ಅಧಿಕ ಒತ್ತಡದ ಸಂಪರ್ಕದ) ಮೀಟರಿನ ಎರಡು ರೀಡಿಂಗ್ ಕಳೆದು ಬಂದದ್ದನ್ನೇ ಬರೆದಿರುತ್ತಾರೆ, ಬಿಲ್ಲಿನಲ್ಲಿರುವ ಗುಣಕದಿಂದ ಗುಣಿಸಿರುವುದಿಲ್ಲ; ಗುಣಕ 1,000 ಇದ್ದರೆ ಲೆಕ್ಕ ಸಾವಿರ ಪಟ್ಟು ಕೆಡುತ್ತದೆ. ಕೆವಿಎಎಚ್ ಕಲಂ ನೋಡಿ ಕೆಡಬ್ಲ್ಯುಎಚ್ (ಅಂದರೆ ಯೂನಿಟ್) ಎಂದು ತುಂಬಿರುತ್ತಾರೆ, ಎರಡೂ ಒಂದೇ ಅಲ್ಲ. ಡೀಸೆಲ್ ಖರೀದಿಯನ್ನೇ ಬಳಕೆ ಎಂದು ಹಾಕಿರುತ್ತಾರೆ. ಮಾರ್ಚ್ 30ಕ್ಕೆ 5,000 ಲೀಟರ್ ಟ್ಯಾಂಕರ್ ಬಂದರೆ ಅದು ಉರಿಯುವುದು ಮುಂದಿನ ವರ್ಷ. ಆರಂಭದ ದಾಸ್ತಾನು, ಅದಕ್ಕೆ ಖರೀದಿ ಕೂಡಿ, ಕೊನೆಯ ದಾಸ್ತಾನು ಕಳೆದರೆ ಬರುವುದೇ ಬಳಕೆ. ಅಳತೆಗೆ ಟ್ಯಾಂಕಿಗೆ ಡಿಪ್ (ಅಳತೆ ಕೋಲು) ಹಾಕಿ ರಿಜಿಸ್ಟರಿನಲ್ಲಿ ಬರೆಸಿ.

ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವುದು ಎಸಿ ಗ್ಯಾಸ್. ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಯವರ ಬಿಲ್ಲಿನಲ್ಲಿ 'ಗ್ಯಾಸ್ ಚಾರ್ಜಿಂಗ್, 1 ಜಾಬ್' ಎಂದಷ್ಟೇ ಇರುತ್ತದೆ. ಎಷ್ಟು ಕಿಲೊ, ಯಾವ ಗ್ಯಾಸ್ ಎಂಬುದು ಇರುವುದಿಲ್ಲ. ಆರ್-410ಎ ಗ್ಯಾಸಿನ ತಾಪಮಾನ ಏರಿಸುವ ಶಕ್ತಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಐದನೇ ವರದಿಯ ಪ್ರಕಾರ ಇಂಗಾಲದ ಡೈ ಆಕ್ಸೈಡಿನ 1,924 ಪಟ್ಟು. ಬರೀ 10 ಕಿಲೊ ಸೋರಿದರೆ 19 ಟನ್ ದಾಟಿತು, ಅಂದರೆ 7,000 ಲೀಟರಿಗೂ ಹೆಚ್ಚು ಡೀಸೆಲ್ ಉರಿಸಿದಷ್ಟು. ಎಎಂಸಿ ಒಪ್ಪಂದದಲ್ಲೇ 'ಗ್ಯಾಸಿನ ಹೆಸರು ಮತ್ತು ತೂಕ ಬಿಲ್ಲಿನಲ್ಲಿ ನಮೂದಿಸದೆ ಪಾವತಿ ಇಲ್ಲ' ಎಂಬ ಸಾಲು ಸೇರಿಸಿ. ಹಳೆಯ ಯಂತ್ರದಲ್ಲಿ ಆರ್-22 ಇದ್ದರೆ ಅದನ್ನು ಸ್ಕೋಪ್ 1ರ ಮೊತ್ತಕ್ಕೆ ಕೂಡಿಸದೆ ಪ್ರತ್ಯೇಕವಾಗಿ ತೋರಿಸಬೇಕು. ಅದು ಓಝೋನ್ ಪದರ ಉಳಿಸಲು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದ ಅಡಿ ಬರುವ, ಆ ಪದರ ಕೆಡಿಸುವ ಗ್ಯಾಸ್.

ಪ್ರಶ್ನೆ: ಕ್ಯಾಂಟೀನ್ ಗುತ್ತಿಗೆಗೆ ಕೊಟ್ಟಿದ್ದೇವೆ, ಪ್ಲೇಟಿಂಗ್ (ಲೋಹಲೇಪನ) ಹೊರಗೆ ಜಾಬ್ ವರ್ಕ್, ನೌಕರರ ಬಸ್ಸೂ ಗುತ್ತಿಗೆ. ಇವು ಮರದಲ್ಲಿ ಎಲ್ಲಿ ಬರುತ್ತವೆ? — ಖರೀದಿ ವಿಭಾಗ, ಬೆಳಗಾವಿ

ಉತ್ತರ: ಕ್ಯಾಂಟೀನ್ ನಿಮ್ಮ ಕಾಂಪೌಂಡಿನೊಳಗೆ, ನಿಮ್ಮ ನಿಯಮದಂತೆ ನಡೆಯುತ್ತಿದ್ದರೆ ಅದರ ಎಲ್‌ಪಿಜಿ ನಿಮ್ಮ ಸ್ಕೋಪ್ 1, 19 ಕಿಲೊ ಸಿಲಿಂಡರ್ ಒಂದಕ್ಕೆ ಸುಮಾರು 57 ಕಿಲೊ. ಪ್ಲೇಟಿಂಗ್ ಸ್ಕೋಪ್ 3ರ 1ನೇ ವರ್ಗ (ಕೊಂಡ ಸರಕು, ಸೇವೆ), ಬಸ್ಸು 7ನೇ ವರ್ಗ (ನೌಕರರ ಓಡಾಟ). ಈ ಎರಡನ್ನೂ ಜಾಗಗಳ ಕೊಂಬೆಗೆ ಕಟ್ಟಬೇಡಿ, ಕಂಪನಿಯ ಮಟ್ಟದಲ್ಲಿ ಬೇರೆ ಕೊಂಬೆ ಮಾಡಿ. ಮುಂದೆ ಪ್ಲೇಟಿಂಗನ್ನು ಒಳಗೆ ತಂದರೆ ಆ ಟನ್ನುಗಳು ಸ್ಕೋಪ್ 3ರಿಂದ ಸ್ಕೋಪ್ 1 ಮತ್ತು 2ಕ್ಕೆ ಜಿಗಿಯುತ್ತವೆ. ಆ ಜಿಗಿತ ಕಾಣುವಂತಿರಬೇಕು.

ಪ್ರಶ್ನೆ: ನಮ್ಮ ಆಧಾರ ವರ್ಷ (ಮುಂದಿನ ವರ್ಷಗಳನ್ನು ಹೋಲಿಸಿ ನೋಡುವ ವರ್ಷ) 2021-22, ಮೊತ್ತ 12,000 ಟನ್. ಈಗ ಒಂದು ಫೌಂಡ್ರಿ ಖರೀದಿಸಿದ್ದೇವೆ, ಜತೆಗೆ ಹೊಸ ಶೆಡ್ಡೊಂದನ್ನೂ ಕಟ್ಟಿದ್ದೇವೆ. ಹಳೆಯ ಅಂಕಿ ತಿದ್ದಬೇಕೇ? — ಶಿವಮೊಗ್ಗ

ಉತ್ತರ: ಫೌಂಡ್ರಿಗೆ ಹೌದು, ಶೆಡ್ಡಿಗೆ ಇಲ್ಲ. ಫೌಂಡ್ರಿ 2021-22ರಲ್ಲೂ ಹೊಗೆ ಬಿಡುತ್ತಿತ್ತು, ಬೇರೆಯವರ ಖಾತೆಯಲ್ಲಿ ಅಷ್ಟೆ. ಆ ವರ್ಷ ಅದರದ್ದು 1,500 ಟನ್ ಇದ್ದರೆ ನಿಮ್ಮ ಆಧಾರ ಈಗ 13,500. ಹಿಂದಿನ ಮಾಲೀಕರಿಂದ ಆ ವರ್ಷದ ಕರೆಂಟ್ ಮತ್ತು ಕೋಕ್ ಬಿಲ್ಲುಗಳನ್ನು ಖರೀದಿ ಒಪ್ಪಂದದ ಹೊತ್ತಿಗೇ ಪಡೆದುಕೊಳ್ಳಬೇಕಿತ್ತು. ಒಮ್ಮೆ ಹಣ ಕೈ ಬದಲಾದ ಮೇಲೆ ಹಳೆಯ ಫೈಲು ಹುಡುಕಿಕೊಡುವವರು ಕಡಿಮೆ. ಶೆಡ್ಡು ನಿಮ್ಮ ಸ್ವಂತ ಬೆಳವಣಿಗೆ, ಅದಕ್ಕಾಗಿ ಆಧಾರ ವರ್ಷ ಮುಟ್ಟುವಂತಿಲ್ಲ. ಎಷ್ಟು ಬದಲಾದರೆ ತಿದ್ದುತ್ತೀರಿ ಎಂಬ ಮಿತಿಯನ್ನು ಮೊದಲೇ ಬರೆದಿಡಿ. ಶೇ 5 ಎಂದು ಇಟ್ಟುಕೊಳ್ಳುವವರೇ ಹೆಚ್ಚು.

ಪ್ರಶ್ನೆ: 60 ಜನರ ಬೋಲ್ಟ್-ನಟ್ ಕಾರ್ಖಾನೆ ನಮ್ಮದು. ಜರ್ಮನಿಯ ಗ್ರಾಹಕರು ಸಿಬಿಎಎಂ (ಐರೋಪ್ಯ ಒಕ್ಕೂಟದ ಆಮದಿನ ಮೇಲಿನ ಇಂಗಾಲದ ಶುಲ್ಕ) ಲೆಕ್ಕ ಕೇಳಿದ್ದಾರೆ. ಸಾಫ್ಟ್‌ವೇರ್ ಕೊಳ್ಳಬೇಕೇ? — ಬೆಂಗಳೂರು

ಉತ್ತರ: ಒಂದೇ ಜಾಗಕ್ಕೆ ಎಕ್ಸೆಲ್ ಸಾಕು. ಆದರೆ ಮೇಲೆ ಹೇಳಿದ ಮರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸಿಬಿಎಎಂ ಕಂಪನಿಯ ಒಟ್ಟು ಹೊಗೆ ಕೇಳುವುದಿಲ್ಲ. ಆ ಬೋಲ್ಟ್ ತಯಾರಾದ ಕಾರ್ಖಾನೆಯಲ್ಲಿ ಒಂದು ಟನ್ ಬೋಲ್ಟಿಗೆ ಎಷ್ಟು ಟನ್ ಎಂದು ಕೇಳುತ್ತದೆ, ಜತೆಗೆ ನೀವು ಕೊಂಡ ಉಕ್ಕಿನ ಸರಳಿನಲ್ಲಿ ಆಗಲೇ ಅಡಗಿರುವುದನ್ನೂ. ನಿಮ್ಮಂಥ ಕಾರ್ಖಾನೆಯಲ್ಲಿ ಹೆಚ್ಚಿನ ಭಾರ ಆ ಸರಳಿನದ್ದೇ. ಆದ್ದರಿಂದ ಇವತ್ತೇ ಮಾಡಬೇಕಾದ ಕೆಲಸ ಉಕ್ಕು ಪೂರೈಸುವ ಗಿರಣಿಗೆ ಪತ್ರ ಬರೆಯುವುದು: ಯಾವ ಗಿರಣಿ, ಯಾವ ವಿಧಾನದ ಉಕ್ಕು, ಟನ್ನಿಗೆ ಎಷ್ಟು. ವ್ಯಾಪಾರಿಯ ಗೋದಾಮಿನಿಂದ ಕೊಳ್ಳುತ್ತಿದ್ದರೆ ಮಿಲ್ ಟೆಸ್ಟ್ ಸರ್ಟಿಫಿಕೇಟಿನಲ್ಲಿರುವ ಹೀಟ್ ನಂಬರ್ (ಉಕ್ಕು ಯಾವ ಕರಗಿಸುವಿಕೆಯದ್ದು ಎಂಬ ಗುರುತು) ಹಿಡಿದು ಹಿಂದಕ್ಕೆ ಹೋಗಬೇಕಾಗುತ್ತದೆ. ಬಿಲ್ ಜೊತೆ ಆ ಸರ್ಟಿಫಿಕೇಟನ್ನೂ ಇನ್ನು ಮುಂದೆ ಫೈಲಿಗೆ ಹಾಕಿಡಿ.