ದೋಣಿ ಮಾರುವ ಮುನ್ನ ಪೇಂಟ್ ಡಬ್ಬಿ ತೆರೆಯಬೇಡಿ
ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಮನೆಯ ಹಿಂದಿನ ಶೆಡ್ಡಿನಲ್ಲಿ ಸುಮಾರು 11 ಅಡಿಯ ಪ್ಲೈವುಡ್ ಹಾಯಿದೋಣಿ ಇದೆ. ‘ಮಿರರ್’ ಎಂಬ ಸಣ್ಣ ಹಾಯಿದೋಣಿ ಮಾದರಿಯ ನಕ್ಷೆಯಂತೆ ಕಟ್ಟಿದ್ದು. ಕೆಲವು ವರ್ಷ ಕೆ.ಆರ್.ಎಸ್. ಹಿನ್ನೀರಿನಲ್ಲಿ ಓಡಿದೆ. ಹೊಸ ಬಣ್ಣ ಹಚ್ಚೋಣವೆಂದು ಹೊರಮೈ ಕೆರೆದು, ಚುಕ್ಕಾಣಿಯ ಕೀಲು ಬಿಚ್ಚಿಟ್ಟೆವು. ಕೆಲಸ ಅಲ್ಲಿಗೇ ನಿಂತು ಮೂರು ವರ್ಷವಾಯಿತು. ಪೇಂಟ್ ಹೊಡೆಸಿ ಮಾರುವುದೋ, ಇದ್ದ ಹಾಗೇ ಕೊಡುವುದೋ? ಎಷ್ಟು ಹೇಳಬಹುದು?
— ಓದುಗರು, ಶಿರಾ ಗೇಟ್, ತುಮಕೂರು

ಉತ್ತರ: ಪೇಂಟ್ ಬೇಡ. ಹಳೇ ದೋಣಿಯ ಮೇಲೆ ಹೊಸ ಬಣ್ಣ ಕಂಡರೆ ಗಿರಾಕಿಗೆ ಮೊದಲು ಹುಟ್ಟುವುದು ಅನುಮಾನ, ಒಳಗೇನು ಮುಚ್ಚಿದ್ದಾರೆ ಎಂದು. ಕೆರೆದ ಮೈ ನಿಮ್ಮ ಕಣ್ಣಿಗೆ ಅರೆಬರೆ ಕೆಲಸ. ಬಲ್ಲವರಿಗೆ ಅದೇ ಅನುಕೂಲ. ಪ್ಲೈನ ಪದರ, ಜೋಡಣೆ, ಹಳೇ ತೇಪೆ ಎಲ್ಲವೂ ಬಯಲಲ್ಲೇ ಇರುತ್ತವೆ. ಆದರೆ ಬರೀ ಮರವನ್ನು ಮೂರು ಮಳೆಗಾಲ ಹಾಗೇ ಬಿಟ್ಟಿದ್ದೀರಲ್ಲ, ಅದರ ತಪಾಸಣೆ ಮೊದಲಾಗಲಿ.

ದೋಣಿಯನ್ನು ಮಗುಚಿ, ನೆಲದಿಂದ ಒಂದಡಿ ಎತ್ತರಕ್ಕೆ ಎರಡು ದಿಮ್ಮಿಗಳ ಮೇಲಿಡಿ. ನಮ್ಮ ಬಯಲುಸೀಮೆಯ ಶೆಡ್ಡಿನಲ್ಲಿ ನಿಂತ ಪ್ಲೈಗೆ ನೀರಿಗಿಂತ ಗೆದ್ದಲಿನ ಭಯವೇ ಹೆಚ್ಚು. ನೆಲಕ್ಕೆ ತಾಗಿಕೊಂಡಿದ್ದ ಜಾಗದಲ್ಲಿ ಮಣ್ಣಿನ ಗೆರೆ ಇದೆಯೇ ನೋಡಿ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮೈಯೆಲ್ಲ ತಟ್ಟುತ್ತಾ ಹೋಗಿ. ಗಟ್ಟಿ ಪ್ಲೈ ಟಣ್ ಎನ್ನುತ್ತದೆ, ಪದರ ಬಿಟ್ಟದ್ದು ಡಬ್ ಎನ್ನುತ್ತದೆ. ಡಬ್ ಎಂದ ಕಡೆ ಪೆನ್ಸಿಲ್ಲಿನಿಂದ ಸುತ್ತು ಹಾಕಿ. ಅಂಚುಗಳು, ದೋಣಿ ಪಕ್ಕಕ್ಕೆ ಜಾರದಂತೆ ನೀರಿಗೆ ಇಳಿಬಿಡುವ ಹಲಗೆಯ ಗೂಡು, ಹಿಂಬದಿಯ ಹಲಗೆಯ ಬುಡ, ಈ ಮೂರು ಕಡೆ ದಬ್ಬಳದಿಂದ ಮೆಲ್ಲಗೆ ಚುಚ್ಚಿ ನೋಡಿ. ಮಿರರ್ ಮಾದರಿಯಲ್ಲಿ ಸೋರಿಕೆ ಸಾಮಾನ್ಯವಾಗಿ ಶುರುವಾಗುವುದೇ ಆ ಗೂಡು ತಳಕ್ಕೆ ಕೂಡುವ ಮೂಲೆಯಲ್ಲಿ.

ಮುಂದೆ ತೂಕ. ಬಚ್ಚಲು ಮನೆಯ ತೂಕದ ಮಿಷನ್ ಒಂದೇ ಇದ್ದರೂ ಸಾಕು. ಒಂದು ತುದಿಯನ್ನು ಮಿಷನ್ ಮೇಲೆ, ಇನ್ನೊಂದನ್ನು ಅಷ್ಟೇ ಎತ್ತರದ ಇಟ್ಟಿಗೆ ಮೇಲೆ ಇಟ್ಟು ತೂಗಿ, ಅದಲು ಬದಲು ಮಾಡಿ ಮತ್ತೆ ತೂಗಿ, ಎರಡನ್ನೂ ಕೂಡಿಸಿ. ಮಿರರ್ ವರ್ಗದ (ಪಂದ್ಯಕ್ಕೆ ಇಳಿಯುವ ಒಂದೇ ಮಾದರಿಯ ದೋಣಿಗಳ ಗುಂಪಿನ) ನಿಯಮದಲ್ಲಿ ಬರೀ ಒಡಲಿನ ಕನಿಷ್ಠ ತೂಕ 45.5 ಕೆಜಿ. ಮನೆಯಲ್ಲಿ ಕಟ್ಟಿದ್ದು 55ರವರೆಗೆ ಬಂದರೆ ಗಾಬರಿ ಬೇಡ. 65 ಬಂದರೆ ಮರ ನೀರು ಕುಡಿದಿದೆ, ಇಲ್ಲವೇ ಯಾರೋ ರಾಳ ಸುರಿದಿದ್ದಾರೆ. ನೆರಳಿನಲ್ಲಿ ಗಾಳಿಯಾಡುವ ಕಡೆ ಇಟ್ಟು ವಾರಕ್ಕೊಮ್ಮೆ ತೂಗಿ. ಎರಡು ವಾರ ಸತತ ಒಂದೇ ತೂಕ ಬಂದರೆ ಒಣಗಿತು ಎಂದರ್ಥ.

ದೋಣಿ ಮುಳುಗದಂತೆ ತೇಲಿಸುವ ಗಾಳಿಪೆಟ್ಟಿಗೆಗಳ ಪರೀಕ್ಷೆಗೆ ನೀರು ಬಸಿಯುವ ತೂತಿಗೆ ರಬ್ಬರ್ ಕೊಳವೆ ಸಿಕ್ಕಿಸಿ, ಬಾಯಿಂದಲೇ ಊದಿ, ಜೋಡಣೆಗಳ ಮೇಲೆ ಸೋಪಿನ ನೊರೆ ಸವರಿ. ಗುಳ್ಳೆ ಎದ್ದ ಕಡೆ ಸೋರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮಾತ್ರ ತರಿಸಬೇಡಿ, ಆ ಒತ್ತಡಕ್ಕೆ ಒಳ್ಳೆಯ ಜೋಡಣೆಯೂ ಬಾಯಿ ಬಿಡುತ್ತದೆ.

ಇಷ್ಟಾದ ಮೇಲೆ ಮಾಡಬೇಕಾದ ಕೆಲಸ ಎರಡೇ.

ಮೊದಲನೆಯದು, ಕೆರೆದ ಮೈಗೆ ಬಣ್ಣವಿಲ್ಲದ ಎಪಾಕ್ಸಿ, ಅಂದರೆ ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ರಾಳ. ಮರಕ್ಕೆ ನೀರು ಹತ್ತುವುದಿಲ್ಲ, ನೋಡುವವರಿಗೆ ಮರವೂ ಕಾಣುತ್ತದೆ. 80 ನಂಬರಿನ ಸ್ಯಾಂಡ್ ಪೇಪರ್ ಆಡಿಸಿ, ಧೂಳು ತೆಗೆದು, ಸ್ಪಾಂಜ್ ರೋಲರಿನಿಂದ ಎರಡು ತೆಳು ಕೋಟ್. ಇಷ್ಟು ದೋಣಿಯ ಹೊರಮೈಗೆ ಒಂದೂವರೆ ಕೆಜಿ ಸಾಕು. ರಾಳ ಮತ್ತು ಹಾರ್ಡನರ್ ಪ್ರಮಾಣ ಡಬ್ಬಿಯ ಮೇಲೆ ಹೇಗಿದೆಯೋ ಹಾಗೆ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬೆರೆಸಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕುವ ಚಾಳಿ ಪಾಲಿಯೆಸ್ಟರ್ ರಾಳ ಬಳಸುವವರದು. ಎಪಾಕ್ಸಿಯಲ್ಲಿ ಹಾಗೆ ಮಾಡಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗದೆ ಮೆತ್ತಗೇ ಉಳಿಯುತ್ತದೆ. ಒಮ್ಮೆಗೆ 150 ಗ್ರಾಂ ಮೀರಬೇಡಿ, ಕಲಸಿದ ತಕ್ಷಣ ಅಗಲ ತಟ್ಟೆಗೆ ಸುರಿದುಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ಲೋಟದಲ್ಲೇ ಬಿಟ್ಟರೆ ಹೊಗೆಯಾಡಿ ಕಲ್ಲಾಗುತ್ತದೆ.

ಹಚ್ಚುವ ಹೊತ್ತೂ ಮುಖ್ಯ. ಬೆಳಿಗ್ಗೆ ಹಚ್ಚಿದರೆ ಹೊತ್ತೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ, ಹಸಿ ಕೋಟಿನಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಸಂಜೆ 4ರ ಮೇಲೆ, ಮರ ತಣಿಯುತ್ತಿರುವಾಗ ಹಚ್ಚಿದರೆ ರಾಳವನ್ನು ಮರವೇ ಒಳಗೆಳೆದುಕೊಳ್ಳುತ್ತದೆ. ಮರುದಿನ ಮೇಲೆ ಮೇಣದಂಥ ಜಿಡ್ಡು ಕಂಡರೆ ನೀರು ಹಾಕಿ ಪಾತ್ರೆ ತಿಕ್ಕುವ ಹಸಿರು ನಾರಿನಿಂದ ತೊಳೆಯಿರಿ, ತಿನ್ನರ್ ಬೇಡ. ತೊಳೆಯದೆ ಸ್ಯಾಂಡ್ ಪೇಪರ್ ಹಾಕಿದರೆ ಜಿಡ್ಡು ಒಳಕ್ಕೆ ಉಜ್ಜಿಹೋಗಿ ಮುಂದಿನ ಕೋಟ್ ಹಿಡಿಯುವುದಿಲ್ಲ. ಎಪಾಕ್ಸಿಗೆ ಬಿಸಿಲು ಆಗದು. ಮಾರಾಟವಾಗುವವರೆಗೆ ದೋಣಿ ಸೂರಿನಡಿಯೇ ಇರಲಿ.

ಎರಡನೆಯದು ಚುಕ್ಕಾಣಿಯ ಕೀಲು. ಹಳೇ ತೂತುಗಳಿಗೇ ಬೋಲ್ಟ್ ತುರುಕಬೇಡಿ. 6 ಮಿ.ಮೀ. ತೂತನ್ನು 10 ಮಿ.ಮೀ. ಬಿಟ್ಟಿನಿಂದ ಅಗಲಿಸಿ, ಹಿಂದೆ ಟೇಪ್ ಅಂಟಿಸಿ, ತೂತಿನ ಒಳಗೋಡೆಗೆ ಬರೀ ರಾಳ ಸವರಿ. ನಂತರ ನುಣ್ಣನೆಯ ಮರದ ಹುಡಿ ಕಲಸಿದ ಎಪಾಕ್ಸಿಯನ್ನು ಒಬ್ಬಟ್ಟಿನ ಕಣಕದ ಹದದಲ್ಲಿ ತುಂಬಿ. ಮರುದಿನ ನಡುವೆ 6 ಮಿ.ಮೀ. ಕೊರೆಯಿರಿ. ಈಗ ಬೋಲ್ಟಿನ ಸುತ್ತ ಎರಡು ಮಿ.ಮೀ. ಗಟ್ಟಿ ರಾಳದ ಉಂಗುರ, ನೀರು ಪ್ಲೈಗೆ ತಲುಪಲು ದಾರಿಯಿಲ್ಲ. ಗುರುತು ಹಾಕುವಾಗ ಮೇಲಿನ, ಕೆಳಗಿನ ಕೀಲುಗಳಲ್ಲಿ ಒಂದೇ ನೇರ ಸರಳು ತೂರಿಸಿಡಿ. ಕೂದಲೆಳೆಯಷ್ಟು ವಾರೆಯಾದರೂ ಚುಕ್ಕಾಣಿ ಬಿಗಿಯುತ್ತದೆ. ಬೋಲ್ಟ್ ಸ್ಟೇನ್‌ಲೆಸ್ ಇರಲಿ, ಒಳಗಡೆ ಅಗಲ ವಾಷರ್ ಇರಲಿ. ಸೀಲಿಗೆ ಪಾಲಿಯುರಿಥೇನ್ ಬಳಸಿ. ಸಿಲಿಕೋನ್ ಹಾಕಿದ ಕಡೆ ಮುಂದೆ ಪೇಂಟ್ ಹತ್ತುವುದಿಲ್ಲ, ಕೊಂಡವರು ನಿಮ್ಮನ್ನು ಬೈದುಕೊಳ್ಳುತ್ತಾರೆ.

ಬೆಲೆಯ ಲೆಕ್ಕ ಹೀಗೆ ಮಾಡಿ: ಇದೇ ಅಳತೆಯ, ನೀರಿಗಿಳಿಯಲು ಸಿದ್ಧವಿರುವ ಹಳೇ ದೋಣಿಗೆ ಏನು ಕೇಳುತ್ತಾರೆ ಎಂದು ಎರಡು ಮೂರು ಕಡೆ ವಿಚಾರಿಸಿ. ಉಳಿದ ಕೆಲಸದ ಸಾಮಾನಿಗೆ ಎಷ್ಟಾಗುತ್ತದೋ ಅದರ ಎರಡರಷ್ಟನ್ನು ಅದರಿಂದ ಕಳೆಯಿರಿ. ಎರಡರಷ್ಟು ಏಕೆಂದರೆ ಕೊಳ್ಳುವವರು ತಮ್ಮ ಭಾನುವಾರಗಳನ್ನೂ ಲೆಕ್ಕ ಹಾಕುತ್ತಾರೆ. ನೀವು ಕಟ್ಟಿಸುವಾಗ ಖರ್ಚು ಮಾಡಿದ ಹಣಕ್ಕೂ ಈ ಬೆಲೆಗೂ ಸಂಬಂಧವಿಲ್ಲ.

ಜಾಹೀರಾತಿನಲ್ಲಿ ಸುತ್ತು ಹಾಕಿದ ಜಾಗಗಳ ಹತ್ತಿರದ ಫೋಟೋ, ತೂಕ, ಇರುವ ಮತ್ತು ಇಲ್ಲದ ಸಾಮಾನಿನ ಪಟ್ಟಿ ಬರಲಿ. ಪ್ಲೈ ತುಂಡು ಉಳಿದಿದ್ದರೆ ಅದರ ಮುದ್ರೆಯ ಫೋಟೋ ಹಾಕಿ: ಐಎಸ್ 710 ಎಂದರೆ ಮೆರೈನ್ ಪ್ಲೈ, 72 ಗಂಟೆ ಕುದಿನೀರಿನ ಪರೀಕ್ಷೆಗೆ ನಿಲ್ಲುವ ಅಂಟು. ಐಎಸ್ 303 ಎಂದರೆ ಬೀರು, ಮಂಚಕ್ಕೆ ಬಳಸುವ ಮಾಲು. ವರ್ಗದ ಪ್ರಮಾಣಪತ್ರ ಇಲ್ಲದಿದ್ದರೆ ‘ಮಿರರ್’ ಎನ್ನದೆ ‘ಮಿರರ್ ಮಾದರಿ’ ಎಂದೇ ಬರೆಯಿರಿ. ಗಿರಾಕಿ ತುಮಕೂರಿನಲ್ಲೇ ಸಿಗುವುದು ಕಷ್ಟ. ಹಾಯಿದೋಣಿ ಓಡಿಸುವವರು ಇರುವುದು ಬೆಂಗಳೂರಿನ ಹಲಸೂರು ಕೆರೆ, ಕೆ.ಆರ್.ಎಸ್. ಹಿನ್ನೀರು, ಚೆನ್ನೈ, ಹೈದರಾಬಾದಿನ ಹುಸೇನ್ ಸಾಗರದ ಕಡೆ. ಅಲ್ಲಿನ ಕ್ಲಬ್ಬುಗಳ ಸೂಚನಾ ಫಲಕ ಯಾವ ಜಾಲತಾಣಕ್ಕಿಂತಲೂ ಮೇಲು. ಆಷಾಢದ ಗಾಳಿಗೆ ಎರಡು ತಿಂಗಳು ಮುಂಚೆ ಹಾಕಿ.

ಪ್ರಶ್ನೆ: ಮಾರಲಿರುವ ದೋಣಿಯ ಹಾಯಿ ಹಲವು ವರ್ಷ ಮಡಚಿ ಟ್ರಂಕಿನಲ್ಲಿತ್ತು, ಕಲೆಯಾಗಿದೆ. ವಾಷಿಂಗ್ ಮೆಷಿನ್‌ಗೆ ಹಾಕಬಹುದೇ?
— ಓದುಗರು, ಮುಳಬಾಗಿಲು

ಉತ್ತರ: ಬೇಡವೇ ಬೇಡ. ಮೆಷಿನ್ ತಿರುವಿದರೆ ಬಟ್ಟೆಯ ಬಿರುಸು ಹೋಗಿ ಹಾಯಿ ಹಳೇ ಲುಂಗಿಯಾಗುತ್ತದೆ. ದೊಡ್ಡ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ರಾತ್ರಿಯಿಡೀ ನೆನೆಸಿ, ಮೆತ್ತನೆ ಬ್ರಷ್, ನೆರಳಲ್ಲಿ ಒಣಗಿಸುವುದು. ಕಲೆ ಹೋಗದಿದ್ದರೆ ಹೋಗಲಿ ಬಿಡಿ, ಅದರಿಂದ ದೋಣಿ ನಿಧಾನವಾಗುವುದಿಲ್ಲ. ನೋಡಬೇಕಾದದ್ದು ಹೊಲಿಗೆ: ಹೆಬ್ಬೆರಳಿನ ಉಗುರಿನಿಂದ ಜೋರಾಗಿ ಗೀರಿ. ದಾರ ಪುಡಿಪುಡಿಯಾಗಿ ಎದ್ದರೆ ಬಿಸಿಲು ಅದನ್ನು ತಿಂದಿದೆ. ಬಟ್ಟೆ ಗಟ್ಟಿಯಿದ್ದರೆ ಟಾರ್ಪಾಲಿನ್ ಹೊಲಿಯುವವರಿಂದ ಪಾಲಿಯೆಸ್ಟರ್ ದಾರದಲ್ಲಿ ಅಂಕುಡೊಂಕು ಹೊಲಿಗೆ ಹಾಕಿಸಿ. ಟ್ರಂಕಿನಲ್ಲಿ ಇಲಿ ಕಡಿದ ತೂತಿಗೂ ಅಲ್ಲೇ ತೇಪೆ ಆಗುತ್ತದೆ. ಇನ್ನು ಮುಂದೆ ಮಡಚದೆ ಸುತ್ತಿಡಿ. ಹಾಯಿಯನ್ನು ದೋಣಿಯಿಂದ ಬೇರೆ ಮಾಡಿ ಮಾರಿದರೆ ದೋಣಿ ಬಿಕರಿಯಾಗುವುದಿಲ್ಲ.

ಪ್ರಶ್ನೆ: ಹಳೆಯ ಫೈಬರ್ ಹಾಯಿದೋಣಿ, ‘ಲೇಸರ್’ ಎಂಬ ಮಾದರಿಯದು, ಕಡಿಮೆ ಬೆಲೆಗೆ ಬಂದಿದೆ. ‘ಚೂರು ಕೆಲಸ ಬಾಕಿ’ ಎನ್ನುತ್ತಾರೆ. ಏನು ನೋಡಬೇಕು? ತರುವುದು ಹೇಗೆ?
— ಓದುಗರು, ಚಿಂತಾಮಣಿ

ಉತ್ತರ: ಒಂದು ಚೊಂಬು ನೀರು ಕೇಳಿ. ಮಾಸ್ಟ್ (ಹಾಯಿಕಂಬ) ನಿಲ್ಲಿಸುವ ಗುಂಡಿಗೆ ಅದನ್ನು ಸುರಿದು, ಮಟ್ಟಕ್ಕೆ ಗುರುತು ಹಾಕಿ, ಚಹಾ ಕುಡಿದು ಬನ್ನಿ. ನೀರು ಇಳಿದಿದ್ದರೆ ಗುಂಡಿಯ ಬುಡ ಬಿರುಕು ಬಿಟ್ಟಿದೆ, ಗಾಳಿ ಜೋರಾದ ದಿನ ಮಾಸ್ಟ್ ಡೆಕ್ಕನ್ನೇ ಕಿತ್ತುಕೊಂಡು ಬೀಳಬಹುದು. ಅದು ಚೂರು ಕೆಲಸವಲ್ಲ: ಡೆಕ್ಕಿನಲ್ಲಿ ತೂತು ಕೊರೆದು, ಒಳಗೆ ಕೈ ಹಾಕಿ, ಬುಡದ ಸುತ್ತ ಫೈಬರ್ ಬಟ್ಟೆ ಕಟ್ಟಬೇಕು. ಒಡಲು ಸುಮಾರು 59 ಕೆಜಿ ಇರಬೇಕು. 70 ತೂಗಿದರೆ ಒಳಗೆ ನೀರಿದೆ ಎಂದುಕೊಂಡೇ ಚೌಕಾಸಿ ಮಾಡಿ.

ಉದ್ದ 4.2 ಮೀಟರ್, ಅಂದರೆ ಹೆಚ್ಚುಕಮ್ಮಿ 14 ಅಡಿ. ಟಾಟಾ ಏಸ್ ಆಗದು, ಅರ್ಧ ದೋಣಿ ಹಿಂದೆ ಚಾಚಿಕೊಂಡು ಪೊಲೀಸರ ಕೈಗೆ ಸಿಗುತ್ತೀರಿ. 17 ಅಡಿಯ ಕ್ಯಾಂಟರ್ ಗೊತ್ತು ಮಾಡಿ, ಹಳೇ ಹಾಸಿಗೆ ಹಾಸಿ, ಚಪ್ಪಟೆ ಬೆಲ್ಟಿನಿಂದ ಎರಡು ಕಡೆ ಕಟ್ಟಿಸಿ. ಲೋಡ್ ಕಟ್ಟುವ ಹುಡುಗರು ಹಗ್ಗ ಹಾಕಿ ಕಾಲು ಕೊಟ್ಟು ಬಿಗಿಯುತ್ತಾರೆ, ಪಕ್ಕದಲ್ಲೇ ನಿಂತು ತಡೆಯಿರಿ. ಡೆಕ್ಕಿನ ಅಂಚು ಅಲ್ಲೇ ಸೀಳುತ್ತದೆ. ಎಂಜಿನ್ ಇಲ್ಲದಿದ್ದರೂ, ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರ ಲಿಖಿತ ಅನುಮತಿಯನ್ನು ದುಡ್ಡು ಕೊಡುವ ಮೊದಲೇ ಪಡೆದುಕೊಳ್ಳಿ.