ಛೇದ ಬೇರೆ ಬೇರೆ ಇರುವ ಭಿನ್ನರಾಶಿಗಳನ್ನು ಕಳೆಯುವುದು ಹೇಗೆ?

5/8 ರಿಂದ 3/10 ನ್ನು ಕಳೆಯುವಾಗ ಅಂಶದಿಂದ ಅಂಶವನ್ನೂ ಛೇದದಿಂದ ಛೇದವನ್ನೂ ನೇರವಾಗಿ ಏಕೆ ಕಳೆಯಬಾರದು ಎಂದು ಕೇಳಿದ್ದೀರಿ. ಪೂರ್ಣವನ್ನು ಎಷ್ಟು ಸಮಭಾಗ ಮಾಡಲಾಗಿದೆ, ಅಂದರೆ ಒಂದೊಂದು ಭಾಗ ಎಷ್ಟು ದೊಡ್ಡದು ಎಂಬುದನ್ನು ಛೇದ ತಿಳಿಸುತ್ತದೆ. ಎಣಿಕೆ ಇರುವುದು ಅಂಶದಲ್ಲಿ ಮಾತ್ರ. ಆದ್ದರಿಂದ ಭಾಗಗಳ ಗಾತ್ರ ಒಂದೇ ಆಗುವವರೆಗೆ ಕಳೆಯುವ ಮಾತೇ ಇಲ್ಲ.

ಮುಧೋಳದ ಕಡೆಯ ರೈತರೊಬ್ಬರು ತಮ್ಮ 5/8 ಎಕರೆ ಹೊಲದಲ್ಲಿ 3/10 ಎಕರೆಗೆ ಕಬ್ಬು ಹಚ್ಚಿದ್ದಾರೆ ಎಂದುಕೊಳ್ಳಿ. ಎಕರೆಗೆ 40 ಗುಂಟೆಯಾದ್ದರಿಂದ ಹೊಲ 25 ಗುಂಟೆ, ಕಬ್ಬು 12 ಗುಂಟೆ, ಉಳಿದದ್ದು 13 ಗುಂಟೆ, ಅಂದರೆ 13/40 ಎಕರೆ. ಶಾಲೆಯ ವಿಧಾನವೂ ಇದೇ: 8 ಮತ್ತು 10 ರ ಲಘುತ್ತಮ ಸಾಮಾನ್ಯ ಅಪವರ್ತ್ಯ (ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 40, 5/8 ರ ಅಂಶ, ಛೇದ ಎರಡನ್ನೂ 5 ರಿಂದ ಗುಣಿಸಿದರೆ 25/40, 3/10 ರ ಎರಡನ್ನೂ 4 ರಿಂದ ಗುಣಿಸಿದರೆ 12/40.

ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಛೇದವನ್ನು ಮಾತ್ರ ಗುಣಿಸಿ ಅಂಶವನ್ನು ಹಾಗೆಯೇ ಬಿಟ್ಟು 5/40 ಎಂದು ಬರೆದರೆ, 25 ಗುಂಟೆಯ ಹೊಲ ಕಾಗದದ ಮೇಲೆ 5 ಗುಂಟೆಗೆ ಇಳಿಯುತ್ತದೆ ಎಂಬುದನ್ನು ಅವರಿಗೆ ತೋರಿಸಿಕೊಡಬೇಕು.

ಅಪವರ್ತ್ಯ ಹೊಳೆಯದಿದ್ದರೆ ಛೇದಗಳನ್ನೇ ಗುಣಿಸಿ 80 ತೆಗೆದುಕೊಳ್ಳಬಹುದು. 50/80 ರಿಂದ 24/80 ಕಳೆದರೆ 26/80, ಸಂಕ್ಷೇಪಿಸಿದರೆ ಮತ್ತೆ 13/40. ಮಿಶ್ರ ಭಿನ್ನರಾಶಿಗಳಿದ್ದರೆ ಮೊದಲು ವಿಷಮ ಭಿನ್ನರಾಶಿಗೆ, ಅಂದರೆ ಅಂಶವೇ ಛೇದಕ್ಕಿಂತ ದೊಡ್ಡದಾಗಿರುವ ರೂಪಕ್ಕೆ, ತಿರುಗಿಸುವುದೇ ಸುರಕ್ಷಿತ: ಎರಡೂಕಾಲು ಎಂದರೆ 9/4, ಅದರಿಂದ 5/3 ಕಳೆಯಲು 27/12 ರಿಂದ 20/12 ತೆಗೆದರೆ 7/12 ಉಳಿಯುತ್ತದೆ.